ಬೆಂಚು ಒಂದೇ, ಶುಲ್ಕ ಮೂರು

ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲಿ ‘ಕುಟುಂಬದ ವಾರ್ಷಿಕ ಆದಾಯ’ ಎಂಬ ಖಾನೆ ಬಂದಾಗ ಪಾಲಕರ ಕೈ ಒಂದು ಗಳಿಗೆ ತಡೆಯುತ್ತದೆ. ಕಡಿಮೆ ಬರೆದರೆ ‘ಇವರಿಂದ ಫೀ ಹುಟ್ಟುವುದಿಲ್ಲ’ ಎಂದು ಬದಿಗಿಟ್ಟಾರು ಎಂಬ ಅಳುಕು ಕೆಲವರಿಗೆ. ಕಡಿಮೆ ಬರೆದರೆ ಬಡವರೆಂದು ಸೀಟು ಕೊಟ್ಟಾರು ಎಂಬ ಆಸೆ ಇನ್ನು ಕೆಲವರಿಗೆ. ಕರ್ನಾಟಕದ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ತಪ್ಪು. ಇಲ್ಲಿ ಸೀಟು ಹಂಚುವುದು ರ‍್ಯಾಂಕು ನೋಡಿ, ಮೀಸಲಾತಿ ನೋಡಿ, ಇಲ್ಲವೇ ಹಣ ನೋಡಿ. ಅಗತ್ಯ ನೋಡಿ ಹಂಚುವ ಸೀಟು ಬೆರಳೆಣಿಕೆಯಷ್ಟು. ಆದರೂ ಕೊಪ್ಪಳ ಜಿಲ್ಲೆಯ ಮುನಿರಾಬಾದ್, ಗಿಣಿಗೇರಾ, ಕುಷ್ಟಗಿ, ಯಲಬುರ್ಗಾ ಕಡೆಯ ಒಂದು ಕುಟುಂಬದ ಮಗನೋ ಮಗಳೋ ಎಲ್ಲಿ ಓದಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಆದಾಯವೇ. ಅದು ಯಾವ ದಾರಿಯಿಂದ ಒಳಗೆ ಬಂದು ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಪೆಟ್ಟು ತಪ್ಪಿಸಿಕೊಳ್ಳಬಹುದು. ಈ ಲೇಖನದ ವಾದ ಇಷ್ಟು: ನಮ್ಮಲ್ಲಿ ಸರಕಾರದ ನೆರವು ವಿದ್ಯಾರ್ಥಿಯ ಬಡತನದ ಹಿಂದೆ ಹೋಗುವುದಿಲ್ಲ, ಅವನು ಒಳಗೆ ಬಂದ ಬಾಗಿಲಿನ ಹಿಂದೆ ಹೋಗುತ್ತದೆ. ಆದ್ದರಿಂದ ಹಣದ ಅಡಚಣೆ ಇರುವ ಮನೆಯವರು ಕಾಲೇಜು ಆರಿಸುವ ಮುಂಚೆ ಬಾಗಿಲು ಆರಿಸಬೇಕು.

ಬಾಗಿಲುಗಳು ಯಾವುವು ನೋಡೋಣ. ಖಾಸಗಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೂರು ಸೀಟು ಇದ್ದರೆ ಸಾಮಾನ್ಯವಾಗಿ 45ನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ರ‍್ಯಾಂಕಿನ ಮೇಲೆ ತುಂಬುತ್ತದೆ, 30 ಖಾಸಗಿ ಕಾಲೇಜುಗಳ ಕೂಟದ ಪರೀಕ್ಷೆಯಾದ ಕಾಮೆಡ್‌ಕೆಗೆ, ಉಳಿದ 25 ಮ್ಯಾನೇಜ್‌ಮೆಂಟಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪಾಲು ಸ್ವಲ್ಪ ಬೇರೆ. ರಾಜ್ಯ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷಾ ಪ್ರಾಧಿಕಾರದ ಪಾಲು 40. ಬೆಂಗಳೂರಿನ ಪಿಇಎಸ್, ರೇವಾ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಕಲಬುರಗಿಯ ಶರಣಬಸವ ವಿಶ್ವವಿದ್ಯಾಲಯ, ನಮಗೆ ಹತ್ತಿರದ ಬಳ್ಳಾರಿಯ ಕಿಷ್ಕಿಂದ ವಿಶ್ವವಿದ್ಯಾಲಯ ಈ ಗುಂಪಿನವು. ಡೀಮ್ಡ್ ವಿಶ್ವವಿದ್ಯಾಲಯಗಳ ಕಥೆಯೇ ಬೇರೆ. ಅವು ಯುಜಿಸಿ ಕೆಳಗೆ ಬರುತ್ತವೆ, ಎಂಜಿನಿಯರಿಂಗಿನಲ್ಲಿ ಹೆಚ್ಚಿನವು ತಮ್ಮದೇ ಪರೀಕ್ಷೆ, ತಮ್ಮದೇ ಶುಲ್ಕ ಇಟ್ಟುಕೊಂಡಿವೆ. ಈಗ ದರ ನೋಡಿ. 2024-25ರಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸರಕಾರಿ ಕೋಟಾ ಸೀಟಿಗೆ ವರ್ಷಕ್ಕೆ ಸುಮಾರು 76 ಸಾವಿರ ಅಥವಾ 84 ಸಾವಿರ ರೂಪಾಯಿ ಇತ್ತು. ಕಾಮೆಡ್‌ಕೆ ಸೀಟಿಗೆ ಸುಮಾರು 1.86 ಲಕ್ಷ ಅಥವಾ 2.61 ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿಗೆ ಬ್ರಾಂಚಿನ ಬೇಡಿಕೆ ಎಷ್ಟೋ ಅಷ್ಟು. ವೈದ್ಯಕೀಯದಲ್ಲಿ ಅಂತರ ಇನ್ನೂ ಕಡಿದು: ಸರಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು ಇರುವುದು ಅದೇ ಕಾಲೇಜಿನ ಖಾಸಗಿ ಕೋಟಾದಲ್ಲಿ ಹತ್ತು-ಹನ್ನೆರಡು ಲಕ್ಷದ ಆಸುಪಾಸಿಗೆ ಹೋಗುತ್ತದೆ. ಪಾಠ ಮಾಡುವವರು ಅವರೇ, ಪ್ರಯೋಗಾಲಯ ಅದೇ, ಕೊನೆಗೆ ಸಿಗುವ ಪದವಿ ಪತ್ರದಲ್ಲಿ ಯಾವ ಕೋಟಾ ಎಂದು ಬರೆದಿರುವುದೂ ಇಲ್ಲ. ಒಂದೇ ಬೆಂಚಿನ ಮೇಲೆ ಕೂತ ಮೂವರು ಮೂರು ಬೆಲೆ ತೆತ್ತು ಬಂದಿರುತ್ತಾರೆ. ಅವರಲ್ಲಿ ಹೆಚ್ಚು ತೆತ್ತವನು ಶ್ರೀಮಂತನೇ ಆಗಿರಬೇಕೆಂದಿಲ್ಲ. ರ‍್ಯಾಂಕು ಕಡಿಮೆ ಬಂದ ಬಡವನೂ ಆಗಿರಬಹುದು.

ಬಾಗಿಲು ಮುಖ್ಯವೆನ್ನಲು ಶುಲ್ಕದ ಅಂತರಕ್ಕಿಂತ ದೊಡ್ಡ ಕಾರಣವೊಂದಿದೆ. ಆದಾಯ ನೋಡಿ ಕೊಡುವ ನೆರವುಗಳೆಲ್ಲ ಹೆಚ್ಚಾಗಿ ಮೊದಲ ಬಾಗಿಲಿಗೇ ಜೋತುಬಿದ್ದಿವೆ. ಎಸ್‌ಎನ್‌ಕ್ಯೂ ಎಂದು ಕರೆಯುವ ಹೆಚ್ಚುವರಿ ಸೀಟುಗಳನ್ನು ತೆಗೆದುಕೊಳ್ಳಿ. ಎಐಸಿಟಿಇ ಯೋಜನೆಯಂತೆ ಮಂಜೂರಾದ ಸೀಟುಗಳ ಮೇಲೆ ಶೇ. 5ರಷ್ಟು ಸೀಟು ಕೊಟ್ಟು, ಕುಟುಂಬದ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ಮನ್ನಾ ಮಾಡುತ್ತಾರೆ. ಇತರ ಶುಲ್ಕ ಕಟ್ಟಬೇಕು. ನಮ್ಮ ಪ್ರವೇಶ ವ್ಯವಸ್ಥೆಯಲ್ಲಿ ಆದಾಯವೇ ನೇರವಾಗಿ ಸೀಟಿನ ಅರ್ಹತೆಯಾಗುವ ಜಾಗ ಇದೊಂದೇ ಎನ್ನಬಹುದು. ಅದೂ ಪರೀಕ್ಷಾ ಪ್ರಾಧಿಕಾರದ ಮೂಲಕವೇ. ಅರವತ್ತು ಸೀಟಿನ ಬ್ರಾಂಚಿನಲ್ಲಿ ಇದು ಮೂರೇ ಮೂರು. 8 ಲಕ್ಷದ ಮಿತಿಯೊಳಗೆ ರಾಜ್ಯದ ಬಹುಪಾಲು ಮನೆಗಳು ಬರುವುದರಿಂದ ಒಳ್ಳೆಯ ಕಾಲೇಜಿನಲ್ಲಿ ಈ ಮೂರಕ್ಕೆ ನೂಕುನುಗ್ಗಲು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಮ್ಯಾನೇಜ್‌ಮೆಂಟ್ ಕೋಟಾ ಸೀಟುಗಳನ್ನು ಅದು ಹೊರಗಿಟ್ಟಿದೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವ ‘ಅರಿವು’ ಸಾಲ ಶೇ. 2ರ ದರದ್ದು, ಅಷ್ಟು ಅಗ್ಗದ ಸಾಲ ಹುಟ್ಟುವುದು ಅಪರೂಪ. ಅದೂ ಸಿಇಟಿ ಅಥವಾ ನೀಟ್ ಮೂಲಕ ಸೀಟು ಪಡೆದವರಿಗೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಶಿಕ್ಷಣ ಸಾಲದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಜಾಗವಿಲ್ಲ. ಹೀಗೆ ಒಂದೊಂದಾಗಿ ನೋಡುತ್ತಾ ಹೋದರೆ, ನೆರವು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವ ಮನೆ ಹಿಂದಿನ ಬಾಗಿಲಿನಿಂದ ಒಳಗೆ ಹೋದ ಕ್ಷಣದಲ್ಲೇ ಅದನ್ನೆಲ್ಲ ಕಳೆದುಕೊಂಡಿರುತ್ತದೆ. ಮಧ್ಯವರ್ತಿಗಳು ಈ ಮಾತು ಹೇಳುವುದಿಲ್ಲ. ‘ಸೀಟು ಹಿಡಿಯಿರಿ, ಸ್ಕಾಲರ್‌ಶಿಪ್ ಆಮೇಲೆ ಮಾಡಿಸೋಣ’ ಎನ್ನುತ್ತಾರೆ.

ಕೊಪ್ಪಳ ಜಿಲ್ಲೆಯವರಿಗೆ ಒಂದು ವಿಶೇಷ ಅನುಕೂಲವಿದೆ, 371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಕೆಳಗೆ 2013ರಲ್ಲಿ ಹೊರಟ ಆದೇಶದಂತೆ, ಈಗಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿರುವ ಸಂಸ್ಥೆಗಳ ಸರಕಾರ ತುಂಬುವ ಸೀಟುಗಳಲ್ಲಿ ಶೇ. 70 ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ನಮ್ಮ ಭಾಗದವರಿಗೆ. ಬೆಂಗಳೂರಿನ ಹುಡುಗ ಕಡಿಮೆ ರ‍್ಯಾಂಕಿಗೆ ಕಳೆದುಕೊಳ್ಳುವ ಸೀಟು ಕುಷ್ಟಗಿಯ ಹುಡುಗಿಗೆ ಸಿಗುವುದು ಈ ದಾರಿಯಿಂದ. ಆದರೆ ಎರಡು ಮಾತು ನೆನಪಿರಲಿ. 371ಜೆ ಸೀಟು ಕೊಡುತ್ತದೆ, ಶುಲ್ಕ ಇಳಿಸುವುದಿಲ್ಲ. ಜೊತೆಗೆ ಅದಕ್ಕೆ ಆದಾಯದ ಮಿತಿಯೇ ಇಲ್ಲ: ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರ ಮಗನೂ ಯಲಬುರ್ಗಾದ ಕೃಷಿ ಕೂಲಿಯ ಮಗಳೂ ಅದರ ಮುಂದೆ ಒಂದೇ. ಪ್ರದೇಶದ ಹಿಂದುಳಿದಿರುವಿಕೆಗೆ ಕೊಟ್ಟ ಪರಿಹಾರ ಅದು, ಮನೆಯ ಬಡತನಕ್ಕೆ ಕೊಟ್ಟದ್ದಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಆದರೆ ‘ನಮಗೆ 371ಜೆ ಇದೆ, ಹಣದ ಚಿಂತೆ ಇಲ್ಲ’ ಎಂದು ಕೂರುವವರು ಶುಲ್ಕ ಕಟ್ಟುವ ದಿನ ಬೆಚ್ಚಿಬೀಳುತ್ತಾರೆ. ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ, ದಾಖಲೆ ಹೊಂದಿಸಲು ಸಮಯ ಹಿಡಿಯುತ್ತದೆ. ಇದರ ಜೊತೆಗೆ ಹಳ್ಳಿಯ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಈ ಎರಡನ್ನು ಬಡತನದ ಸುತ್ತುಬಳಸಿನ ಅಳತೆ ಎನ್ನಬಹುದು, ಆದಾಯದ ಖಾನೆಗಿಂತ ಇವು ಎಷ್ಟೋ ಸಲ ನಿಜಕ್ಕೆ ಹತ್ತಿರ. ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಕೂತು ಬಂದದ್ದನ್ನು ನಾಡಕಚೇರಿಯ ಒಂದು ಅರ್ಜಿಯಲ್ಲಿ ಸೃಷ್ಟಿಸಲಾಗುವುದಿಲ್ಲ.

ಈ ವ್ಯವಸ್ಥೆ ಹೀಗೇಕೆ ಆಯಿತು ಎಂಬುದಕ್ಕೆ ಇತಿಹಾಸವಿದೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಡೊನೇಷನ್ ಹಾವಳಿ ತಡೆಯಲು ರಾಜ್ಯ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1989ರ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಮೂರು ದರ ನಿಗದಿ ಮಾಡಿತು. ತುಮಕೂರಿನ ಕಾಲೇಜಿನಲ್ಲಿ ಸೀಟು ಕೇಳಿ ಬಂದ ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಖಾಸಗಿ ಕಾಲೇಜಿನ ಅರ್ಧ ಸೀಟು ‘ಫ್ರೀ ಸೀಟು’, ಉಳಿದರ್ಧ ‘ಪೇಮೆಂಟ್ ಸೀಟು’. ಪೇಮೆಂಟ್ ಸೀಟಿನವರು ಕೊಟ್ಟ ಹಣದಲ್ಲಿ ಫ್ರೀ ಸೀಟಿನವರು ಓದಬೇಕು. ಕೇಳಲು ಚೆನ್ನಾಗಿತ್ತು. ಆ ಏರ್ಪಾಡಿನ ಹಿನ್ನೆಲೆಯಲ್ಲೇ 1994ರಲ್ಲಿ ನಮ್ಮ ಸಿಇಟಿ ಘಟಕ ಹುಟ್ಟಿತು. ಆದರೆ ಪಟ್ಟಣದ ಒಳ್ಳೆಯ ಶಾಲೆಯಲ್ಲಿ ಓದಿ, ಕೋಚಿಂಗ್ ಪಡೆದ ಅನುಕೂಲಸ್ಥರ ಮಕ್ಕಳೇ ಫ್ರೀ ಸೀಟು ಗಿಟ್ಟಿಸಿ, ಹಳ್ಳಿಯ ಬಡವರು ಹೊಲ ಮಾರಿ ಅವರ ಖರ್ಚು ತುಂಬಿಕೊಡುವ ಸ್ಥಿತಿ ಬಂತು. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಯೋಜನೆಯನ್ನು ತೆಗೆದುಹಾಕಿದಾಗ ಈ ವಿಪರ್ಯಾಸವೂ ಚರ್ಚೆಗೆ ಬಂದಿತ್ತು. ಅನಂತರ ಖಾಸಗಿ ಸಂಸ್ಥೆಗಳಿಗೆ ಶುಲ್ಕ ಮತ್ತು ಪ್ರವೇಶದಲ್ಲಿ ಹೆಚ್ಚು ಸ್ವಾತಂತ್ರ್ಯ ಸಿಕ್ಕಿತು. ಸರಕಾರ ಮತ್ತು ಕಾಲೇಜುಗಳು ಕೂತು ಮಾಡಿಕೊಳ್ಳುವ ಒಪ್ಪಂದದ ಮೇಲೆ ಈಗಿನ ಕೋಟಾಗಳು ನಿಂತಿವೆ. ಶಾಲೆಗಳಿಗೆ ಆರ್‌ಟಿಇ ಶೇ. 25ರ ಪಾಲು ತಂದಂತೆ ಉನ್ನತ ಶಿಕ್ಷಣದಲ್ಲಿ ಬಡತನಕ್ಕೆಂದೇ ಒಂದು ಪಾಲು ಬರಲಿಲ್ಲ. 1993ರಲ್ಲಿ ಆದ ತಪ್ಪು, ಅಂದರೆ ರ‍್ಯಾಂಕನ್ನೇ ಅಗತ್ಯವೆಂದು ಭಾವಿಸಿದ್ದು, ಇವತ್ತಿಗೂ ತಿದ್ದುಪಡಿಯಾಗಿಲ್ಲ.

‘ಹಾಗಾದರೆ ರ‍್ಯಾಂಕು ಬಿಟ್ಟು ಆದಾಯ ನೋಡಿಯೇ ಸೀಟು ಕೊಡಲಿ’ ಎಂದರೆ ತಕ್ಷಣ ಬರುವ ಆಕ್ಷೇಪ: ಆದಾಯ ಪತ್ರವನ್ನು ನಂಬುವವರು ಯಾರು? ಆಕ್ಷೇಪದಲ್ಲಿ ಹುರುಳಿದೆ. ಗಿಣಿಗೇರಾ ಸುತ್ತಿನ ಉಕ್ಕಿನ ಕಾರ್ಖಾನೆಯಲ್ಲಿ ತಿಂಗಳಿಗೆ 25 ಸಾವಿರ ರೂಪಾಯಿ ಸಂಬಳ ಎಣಿಸುವವರ ವರಮಾನ ಸಂಬಳದ ಚೀಟಿಯಲ್ಲಿ, ಪಿಎಫ್ ಖಾತೆಯಲ್ಲಿ ಅಚ್ಚಾಗಿರುತ್ತದೆ. ವರ್ಷಕ್ಕೆ 3 ಲಕ್ಷ, 2.5 ಲಕ್ಷದ ಮಿತಿ ದಾಟಿತು, ಕಥೆ ಮುಗಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರ ಆದಾಯಕ್ಕೆ ಕೃಷಿ ವರಮಾನ ತೆರಿಗೆ ಮುಕ್ತವಾದ್ದರಿಂದ ರಿಟರ್ನ್ ಇಲ್ಲ. ಸ್ವಂತ ಹೇಳಿಕೆ, ಗ್ರಾಮ ಆಡಳಿತ ಅಧಿಕಾರಿಯ ವರದಿ, ತಹಶೀಲ್ದಾರರ ಸಹಿ, ಅಷ್ಟರಲ್ಲೇ ಅದು ತೀರ್ಮಾನವಾಗುತ್ತದೆ. ಎಕರೆಯ ಲೆಕ್ಕವೂ ಮೋಸ ಮಾಡುತ್ತದೆ. ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಪತ್ರಕ್ಕೆ 5 ಎಕರೆ ಮತ್ತು ಅದಕ್ಕಿಂತ ಹೆಚ್ಚಿನ ಕೃಷಿ ಜಮೀನಿದ್ದರೆ ಅರ್ಹತೆ ಇಲ್ಲ. ಯಲಬುರ್ಗಾದ ಆರು ಎಕರೆ ಮಳೆಯಾಶ್ರಿತ ಎರೆ ಹೊಲ ಕಾರಟಗಿ ಕಡೆಯ ಎರಡು ಎಕರೆ ಗದ್ದೆಗೆ ಸಮನಲ್ಲವೆಂದು ಆ ನಿಯಮಕ್ಕೆ ಗೊತ್ತಿಲ್ಲ. ಮೇಲಾಗಿ ರಾಜ್ಯದ ಆದಾಯ ಪತ್ರಕ್ಕೆ ಐದು ವರ್ಷದ ಆಯುಷ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ಕೊನೆಯ ರೈತರ ಎದೆ ಹೇಗೆ ಹೊಡೆದುಕೊಂಡಿತೆಂಬುದು ಈ ಭಾಗದವರಿಗೆ ಗೊತ್ತು. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷದ ವರಮಾನ ಬೇರೆ, ಸಿಗದ ವರ್ಷದ್ದು ಬೇರೆ, ಪತ್ರದ ಮೇಲಿನ ಅಂಕಿ ಮಾತ್ರ ಒಂದೇ. ಇಷ್ಟಾದರೂ ಅಳತೆ ಸರಿಯಿಲ್ಲವೆಂದು ಅಗತ್ಯ ನೋಡುವುದನ್ನೇ ಕೈಬಿಡಬೇಕೆಂಬ ವಾದ ನಿಲ್ಲುವುದಿಲ್ಲ. ಅಳತೆ ಕೆಟ್ಟಿದ್ದರೆ ತಕ್ಕಡಿ ಸರಿಮಾಡಬೇಕು. ಪಹಣಿಯಲ್ಲಿ ನೀರಾವರಿಯೋ ಖುಷ್ಕಿಯೋ ಎಂಬುದು ಇದೆ, ಶಾಲೆಯ ದಾಖಲೆ ಇದೆ, ತಂದೆತಾಯಿಯ ಓದು-ಉದ್ಯೋಗದ ವಿವರ ಇದೆ. ಇವನ್ನು ಆದಾಯದೊಂದಿಗೆ ಸೇರಿಸಿ ನೋಡಲು ಹೊಸ ಕಚೇರಿ ಬೇಕಿಲ್ಲ. ಅದು ಸರಕಾರದ ಕೆಲಸ. ಪಾಲಕರಿಗೆ ಹೇಳುವುದು ಇಷ್ಟೇ: ಪತ್ರದಲ್ಲಿ ಸುಳ್ಳು ಅಂಕಿ ಬರೆಸಬೇಡಿ, ಅದು ಬಯಲಾದರೆ ಸೀಟೂ ಹೋಗುತ್ತದೆ, ಪ್ರಕರಣವೂ ಆಗುತ್ತದೆ. ಹಾಗೆಯೇ ನಿಜವಾಗಿ ಇಳಿದ ಆದಾಯವನ್ನು ಹಳೆಯ ಪತ್ರದಲ್ಲೇ ಬಿಡಬೇಡಿ, ಹೊಸದಾಗಿ ಮಾಡಿಸಿ.

ಆದಾಯ ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಕೈಗೆ ಬರುತ್ತದೆ ಎಂಬುದೂ ಸೀಟನ್ನು ಅಲುಗಾಡಿಸುತ್ತದೆ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸೀಟು ಹಂಚಿಕೆ ಬಹುತೇಕ ಜೂನ್‌ನಿಂದ ಆಗಸ್ಟ್ ನಡುವೆ. ಖುಷ್ಕಿ ತಾಲ್ಲೂಕುಗಳಾದ ಕುಷ್ಟಗಿ, ಯಲಬುರ್ಗಾಗಳಲ್ಲಿ ಅದು ಬೀಜ-ಗೊಬ್ಬರಕ್ಕೆ ಹಣ ಹೊರಹೋಗುವ ಕಾಲ. ಗಂಗಾವತಿ ಕಡೆ ನಾಟಿಯ ಕಾಲ. ಮನೆಯಲ್ಲಿ ವರ್ಷದಲ್ಲೇ ಅತಿ ಕಡಿಮೆ ನಗದು ಇರುವಾಗ ಸೀಟು ಒಪ್ಪಿಕೊಂಡು ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು, ಗಡುವು ಮೀರಿದರೆ ಸೀಟು ರದ್ದು. ವಿದ್ಯಾರ್ಥಿವೇತನದ ಹಣ ಬರುವುದು ಎಷ್ಟೋ ತಿಂಗಳ ಮೇಲೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಕಡಿಮೆ ಆದಾಯದವರಿಗೆ ಹಂಚಿಕೆಯ ಹೊತ್ತಿನಲ್ಲೇ ಶುಲ್ಕ ರಿಯಾಯಿತಿ ಇದೆ, ಆದರೆ ಅರ್ಜಿ ತುಂಬುವಾಗ ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಮಾತ್ರ. ಉಳಿದ ಮನೆಗಳು ಮೊದಲ ವರ್ಷದ ಶುಲ್ಕ ಮತ್ತು ಹಾಸ್ಟೆಲಿನ ಮುಂಗಡವನ್ನು ಸುಗ್ಗಿಯ ಹಣದಲ್ಲೇ ಬದಿಗೆ ತೆಗೆದಿಡುವುದು ಒಳ್ಳೆಯದು. ಜುಲೈನಲ್ಲಿ ದಲ್ಲಾಳಿ ಅಂಗಡಿಯಿಂದ ಬಡ್ಡಿಗೆ ತಂದ ಹಣ ಸರಕಾರಿ ಕೋಟಾದ ಅಗ್ಗವನ್ನೆಲ್ಲ ತಿಂದುಬಿಡುತ್ತದೆ. ಇನ್ನೊಂದು ಮುನ್ನೆಚ್ಚರಿಕೆ: ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆಯನ್ನು ಸಿಇಟಿ ಫಲಿತಾಂಶಕ್ಕೆ ಮುಂಚೆಯೇ ಮುಗಿಸಿ ‘ಇಂತಿಷ್ಟು ಕಟ್ಟಿ ಸೀಟು ಖಾತ್ರಿ ಮಾಡಿಕೊಳ್ಳಿ’ ಎನ್ನುತ್ತವೆ. ಸಿಇಟಿ ಮೊದಲ ಸುತ್ತು ಮುಗಿಯುವವರೆಗೆ ಕಾಯುವುದು ಲೇಸು. ಕಟ್ಟಿಯೇ ಆಗಿದ್ದರೆ, ಎಐಸಿಟಿಇ ನಿಯಮದಂತೆ ನಿಗದಿತ ದಿನದೊಳಗೆ ಸೀಟು ಬಿಟ್ಟವರಿಗೆ 1,000 ರೂಪಾಯಿಗಿಂತ ಹೆಚ್ಚು ಕಡಿತ ಮಾಡುವಂತಿಲ್ಲ, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ ಎಂಬುದು ತಿಳಿದಿರಲಿ.

ಈಗ ಪಾಲಕರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು: ‘ರ‍್ಯಾಂಕು ಬಂದಿಲ್ಲ, ಆದರೆ ಬ್ಯಾಂಕು ಸಾಲ ಕೊಡುತ್ತದಲ್ಲ, ಮಗ ದುಡಿದು ತೀರಿಸುತ್ತಾನೆ.’ ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ, ಬಡ್ಡಿ ಶೇ. 10. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಸರಳ ಬಡ್ಡಿ ಹಿಡಿದರೂ ಆ ಐದು ವರ್ಷದಲ್ಲಿ ಮೂರೂವರೆ ಲಕ್ಷ ಸೇರಿ ಸಾಲ 13.5 ಲಕ್ಷವಾಗುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ, ಒಟ್ಟು 21 ಲಕ್ಷ ಮೀರುತ್ತದೆ. ಮೊದಲ ನೌಕರಿಯಲ್ಲಿ ಬೆಂಗಳೂರಿನ ಬಾಡಿಗೆ, ಊಟ ಕಳೆದು ಇಷ್ಟು ಉಳಿಸುವ ಸಂಬಳ ಎಲ್ಲ ಬ್ರಾಂಚಿನವರಿಗೂ ಸಿಗುವುದಿಲ್ಲ. ಕಾಲೇಜಿನವರು ತೋರಿಸುವ ‘ಅತಿ ಹೆಚ್ಚು ಪ್ಯಾಕೇಜ್’ ಬಿಟ್ಟು ಆ ಬ್ರಾಂಚಿನ ಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತೆಂದು ಕೇಳಿ. ಜಾಮೀನಿನ ಪ್ರಶ್ನೆ ಇನ್ನೂ ಗಟ್ಟಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನವೂ ಇಲ್ಲ, ಕೈಯಿಂದ ಹಾಕುವ ಮಾರ್ಜಿನ್ ಹಣವೂ ಇಲ್ಲ, 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳುತ್ತವೆ. ಆಗ ಹತ್ತು ಎಕರೆ ಹೊಲ ಇದ್ದವರೂ ತೊಡಕಿಗೆ ಸಿಲುಕುತ್ತಾರೆ, ಏಕೆಂದರೆ ಬಾಕಿ ಉಳಿದಾಗ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಬ್ಯಾಂಕುಗಳು ಅಂಥ ಜಮೀನನ್ನು ಅಡ ಹಿಡಿಯಲು ಹಿಂಜರಿಯುತ್ತವೆ. ಊರಲ್ಲಿ ಸಿರಿವಂತ, ಬ್ಯಾಂಕಿನಲ್ಲಿ ಬಡವ. ಅದೇ ಸರಕಾರಿ ಕೋಟಾದ ಸೀಟಾದರೆ ನಾಲ್ಕು ವರ್ಷದ ಶುಲ್ಕ ಸುಮಾರು ಮೂರು-ಮೂರೂವರೆ ಲಕ್ಷ, ಅಡಮಾನವಿಲ್ಲದ ಮಿತಿಯೊಳಗೇ ಕೂರುತ್ತದೆ. ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗೆ ಅರ್ಹತೆಯ ಮೇಲೆ ಸೇರಿದವರಿಗೆ ಅಡಮಾನ, ಜಾಮೀನು ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲದಲ್ಲಿ ಕಂತಿಲ್ಲದ ಅವಧಿಯ ಬಡ್ಡಿಗೆ ಶೇ. 3 ರಿಯಾಯಿತಿ ಇದೆ. ಮೇಲಿನ ಲೆಕ್ಕದಲ್ಲಿ ಅದು ಸುಮಾರು ಒಂದು ಲಕ್ಷ ರೂಪಾಯಿ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುವವರಿಗೆ ಆ ಅವಧಿಯ ಬಡ್ಡಿ ಪೂರ್ತಿ ತುಂಬಿಕೊಡುವ ಯೋಜನೆಯೂ ಇದೆ. ಸಾಲ ಕೆಟ್ಟದ್ದಲ್ಲ, ಯಾವ ಬಾಗಿಲಿನ ಸೀಟಿಗೆ ಮಾಡಿದ ಸಾಲ ಎಂಬುದು ಮುಖ್ಯ.

‘ವಿಶ್ವವಿದ್ಯಾಲಯವೇ ಶೇ. 50 ಸ್ಕಾಲರ್‌ಶಿಪ್ ಕೊಡುತ್ತಿದೆ’ ಎಂಬ ಇನ್ನೊಂದು ಮಾತು ಈಗೀಗ ಹೆಚ್ಚು ಕೇಳಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳ ಜಾಹೀರಾತಿನ ಸ್ಕಾಲರ್‌ಶಿಪ್‌ಗಳು ಹೆಚ್ಚಾಗಿ ಅಂಕ ಅಥವಾ ರ‍್ಯಾಂಕು ನೋಡಿ ಕೊಡುವ ರಿಯಾಯಿತಿಗಳು, ಅಗತ್ಯ ನೋಡಿ ಕೊಡುವವಲ್ಲ. ಒಳ್ಳೆಯ ವಿದ್ಯಾರ್ಥಿಗಳನ್ನು ಸೆಳೆಯುವುದು, ತುಂಬದ ಬ್ರಾಂಚನ್ನು ತುಂಬುವುದು ಅವುಗಳ ಉದ್ದೇಶ. ಅದರಲ್ಲಿ ತಪ್ಪೇನಿಲ್ಲ, ದಾನವೆಂದು ತಿಳಿಯಬಾರದಷ್ಟೇ. ಕೇಳಬೇಕಾದ ಪ್ರಶ್ನೆಗಳು ಮೂರು. ರಿಯಾಯಿತಿ ಮೊದಲ ವರ್ಷಕ್ಕೋ ನಾಲ್ಕೂ ವರ್ಷಕ್ಕೋ? ಮುಂದುವರಿಯಲು ಎಷ್ಟು ಸಿಜಿಪಿಎ ಬೇಕು? ರಿಯಾಯಿತಿ ಬೋಧನಾ ಶುಲ್ಕದ ಮೇಲೋ ಒಟ್ಟು ಶುಲ್ಕದ ಮೇಲೋ? ಅರ್ಧ ಶುಲ್ಕ ಬಿಟ್ಟರೂ ಉಳಿದರ್ಧ ಸಿಇಟಿ ಸೀಟಿನ ಎರಡು ಪಟ್ಟಿರುವುದು ಅಪರೂಪವಲ್ಲ.

ಆದಾಯವನ್ನು ನಿಜವಾಗಿಯೂ ನೋಡುವ ಖಾಸಗಿ ಸಂಸ್ಥೆಗಳು ಇಲ್ಲವೇ ಇಲ್ಲವೆಂದಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕುಟುಂಬದ ಆದಾಯ ನೋಡಿ ಶುಲ್ಕ, ವಸತಿ, ಊಟದ ವೆಚ್ಚದಲ್ಲಿ ಭಾಗವನ್ನೋ ಪೂರ್ತಿಯನ್ನೋ ತಾನೇ ಹೊರುತ್ತದೆ. ಅಲ್ಲಿ ಎಂಜಿನಿಯರಿಂಗ್ ಇಲ್ಲ. ವಿಜ್ಞಾನ, ಅರ್ಥಶಾಸ್ತ್ರ, ಶಿಕ್ಷಣ, ಸಾಮಾಜಿಕ ಅಧ್ಯಯನ ಓದಬಯಸುವವರು ಅರ್ಜಿ ಹಾಕಲೇಬೇಕಾದ ಜಾಗ ಅದು. ನಮ್ಮ ಭಾಗದಿಂದ ಅಲ್ಲಿಗೆ ಹೋಗುವ ಮಕ್ಕಳು ಕಡಿಮೆ ಇದ್ದರೆ ಅದಕ್ಕೆ ಇಂಗ್ಲಿಷಿನ ಅಂಜಿಕೆ ಒಂದು ಕಾರಣ, ‘ಖಾಸಗಿ ಎಂದರೆ ದುಬಾರಿ’ ಎಂಬ ಅಂದಾಜು ಇನ್ನೊಂದು. ಅದೇ ಬಳಗದ ಪ್ರತಿಷ್ಠಾನ, ಹತ್ತನೆಯ ತರಗತಿ ಮತ್ತು ಪಿಯುಸಿಯನ್ನು ಸರಕಾರಿ ಶಾಲೆ-ಕಾಲೇಜಿನಲ್ಲಿ ಮುಗಿಸಿದ ಹೆಣ್ಣುಮಕ್ಕಳಿಗೆ ಪದವಿ ಓದಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅಮೆರಿಕದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ವಿಚಾರ ಬೇರೆಯೇ ರೀತಿ ಬೆಳೆದಿದೆ: ಕೆಲವು ಆಯ್ಕೆಯ ಹೊತ್ತಿನಲ್ಲಿ ಹಣದ ವಿಷಯ ನೋಡುವುದೇ ಇಲ್ಲ, ಆಯ್ಕೆಯಾದವರಿಗೆ ಬೇಕಾದಷ್ಟು ನೆರವು ಕೊಡುತ್ತವೆ; ಬಹಳಷ್ಟು ಕಡೆ ಮಾತ್ರ ವಿದೇಶಿ ವಿದ್ಯಾರ್ಥಿ ನೆರವು ಕೇಳಿದರೆ ಆಯ್ಕೆಯ ಅವಕಾಶವೇ ಕುಗ್ಗುತ್ತದೆ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ ಒಂದು ಲಕ್ಷ ಡಾಲರಿನೊಳಗಿನ ಆದಾಯದ ಕುಟುಂಬಗಳಿಗೆ ಓದು, ವಸತಿ ಎಲ್ಲವನ್ನೂ ಉಚಿತ ಮಾಡಿತು. ಅಂಥ ನಿಧಿ ನಮ್ಮ ವಿಶ್ವವಿದ್ಯಾಲಯಗಳಲ್ಲಿಲ್ಲ ಎಂಬುದು ನಿಜ. ಆದರೂ ಆಯ್ಕೆಯನ್ನೂ ಬೆಲೆಯನ್ನೂ ಬೇರೆ ಬೇರೆ ಮಾಡುವುದು, ಮೊದಲು ಅರ್ಹತೆ ನೋಡಿ ಆಮೇಲೆ ಕೊಡಬಲ್ಲಷ್ಟು ಶುಲ್ಕ ಕೇಳುವುದು, ನಿಧಿಯ ಗಾತ್ರಕ್ಕಿಂತ ಮನಸ್ಸಿನ ಪ್ರಶ್ನೆ. ನಮ್ಮಲ್ಲಿ ಕೋಟಾವೇ ಬೆಲೆಯಾಗಿರುವುದರಿಂದ ಆ ಚರ್ಚೆ ಶುರುವೇ ಆಗಿಲ್ಲ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣ: ಸಿಇಟಿ ಬಾಗಿಲಿನಿಂದಲೇ ಬನ್ನಿ ಎನ್ನುವುದು ಸುಲಭ, ಕೋಚಿಂಗ್ ಕಾಣದ ಹಳ್ಳಿಯ ಮಕ್ಕಳಿಗೆ ಆ ಬಾಗಿಲೇ ಎತ್ತರ. ಒಪ್ಪಬೇಕಾದ ಮಾತು. ಆದರೆ ಆ ಬಾಗಿಲು ಒಂದೇ ಅಲ್ಲ, ಅದಕ್ಕೆ ಕಿಟಕಿಗಳಿವೆ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕದ್ದು. ಸಿಇಟಿಯಲ್ಲಿ ಹಿಂದೆಬಿದ್ದದ್ದನ್ನು ಪಿಯುಸಿಯಲ್ಲಿ ತುಂಬಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ಜಿಲ್ಲೆಯ ಸರಕಾರಿ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎರಡನೇ ವರ್ಷದ ಬಿಇಗೆ ನೇರ ಪ್ರವೇಶ. ಒಂದು ವರ್ಷದ ದುಬಾರಿ ಶುಲ್ಕವೂ ಉಳಿಯುತ್ತದೆ. ನಮ್ಮ ಪಾಲಕರು ಇದನ್ನು ಕೀಳು ದಾರಿಯೆಂದು ಎಣಿಸುವುದು ನನಗೆ ಸರಿಕಾಣುವುದಿಲ್ಲ. ಎಂಜಿನಿಯರಿಂಗೇ ಆಗಬೇಕೆಂಬ ಹಟವಿಲ್ಲದಿದ್ದರೆ ಮುನಿರಾಬಾದಿನಲ್ಲೇ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಕಾಲೇಜಿದೆ, ಕೃಷಿ ಸಂಬಂಧಿ ಪದವಿಗಳಿಗೆ ರೈತರ ಮಕ್ಕಳ ಕೋಟಾ ಇದೆ. ದೂರದ ಖಾಸಗಿ ವಿಶ್ವವಿದ್ಯಾಲಯದಲ್ಲಿ ದುಬಾರಿ ಕೃಷಿ ಪದವಿ ಕೊಳ್ಳುವ ಮುಂಚೆ ಇದನ್ನು ವಿಚಾರಿಸದಿರುವುದು ವಿಚಿತ್ರ. ಖರ್ಚೆಂದರೆ ಶುಲ್ಕವೊಂದೇ ಅಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುನಿರಾಬಾದ್-ಕೊಪ್ಪಳ-ಗದಗ-ಹುಬ್ಬಳ್ಳಿ ರೈಲು ದಾರಿಯ ಮೇಲಿನ ಕಾಲೇಜಿಗೂ ಬೆಂಗಳೂರಿನ ಪಿಜಿ ವಾಸಕ್ಕೂ ನಾಲ್ಕು ವರ್ಷದಲ್ಲಿ ಕಾಣುವ ಅಂತರ ಕೆಲವೊಮ್ಮೆ ಶುಲ್ಕದ ಅಂತರವನ್ನೇ ಮೀರುತ್ತದೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ, ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳಿಗೆ ಇಷ್ಟೆಂದು ಹಣ ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಬಿಇ, ಎಂಬಿಬಿಎಸ್ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ನಿಗದಿ ಮಾಡಿತ್ತು. ಅದಕ್ಕೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಬೇಕು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಅವರ ಕಲ್ಯಾಣ ಮಂಡಳಿಯಿಂದ ಬೇರೆಯೇ ಸಹಾಯಧನವಿದೆ.

ಕಾಗದಗಳ ಬಗ್ಗೆ ಉದ್ದ ಹೇಳಬೇಕಿಲ್ಲ. ಜಾತಿ-ಆದಾಯ ಪತ್ರ, 371ಜೆ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರ, ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಒಂದೇ ಬಗೆಯ ಹೆಸರು, ಇಷ್ಟಿದ್ದರೆ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಕಟ್ಟಲಾಗದ ಶುಲ್ಕದ ಸೀಟುಗಳನ್ನು ‘ಇರಲಿ’ ಎಂದು ಮೇಲೆ ಹಾಕಬೇಡಿ, ಅದು ಬಂದರೆ ಕೆಳಗಿನ ಕೈಗೆಟಕುವ ಸೀಟು ಕೈತಪ್ಪುತ್ತದೆ. ಕಾಲೇಜಿನಲ್ಲಿ ‘ಇತರ ಶುಲ್ಕ’ ಕೇಳಿದರೆ ರಸೀದಿ ಕೇಳಿ, ರಸೀದಿ ಇಲ್ಲದ ಹಣ ಕೊಡಬೇಡಿ. ಸರಕಾರಿ ಸುತ್ತಿನಲ್ಲಿ ಸೀಟನ್ನು ಬೇರೆಯವರ ಹೆಸರಲ್ಲಿ ತಡೆದಿಟ್ಟು ಆಮೇಲೆ ಮಾರುವ ‘ಸೀಟ್ ಬ್ಲಾಕಿಂಗ್’ ದಂಧೆಯಲ್ಲಿ 2024ರಲ್ಲಿ ಬೆಂಗಳೂರಿನಲ್ಲಿ ಬಂಧನಗಳಾಗಿವೆ. ನಿಮ್ಮ ಮಗುವಿನ ಲಾಗಿನ್ ಮತ್ತು ಪಾಸ್‌ವರ್ಡ್ ಯಾವ ಮಧ್ಯವರ್ತಿಗೂ, ಊರಿನ ಸೈಬರ್ ಸೆಂಟರಿನವರಿಗೂ ಬಿಟ್ಟುಕೊಡಬೇಡಿ. ಶುಲ್ಕದ ಅಂಕಿಗಳು ವರ್ಷವರ್ಷ ಬದಲಾಗುತ್ತವೆ, ಆಯಾ ವರ್ಷದ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆ ಮತ್ತು ಸೀಟ್ ಮ್ಯಾಟ್ರಿಕ್ಸ್ ನೋಡಿಯೇ ಕೂಡಿಸಿ ಕಳೆಯಿರಿ. ಮೇಲೆ ಹೇಳಿದ ಪತ್ರಗಳಿಗೆಂದು ನಾಡಕಚೇರಿಯ ಮೆಟ್ಟಿಲು ಹತ್ತಬೇಕಾದದ್ದು ಫಲಿತಾಂಶ ಬಂದ ಮೇ ತಿಂಗಳಲ್ಲಲ್ಲ. ಮಗ ಅಥವಾ ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟ ಜೂನ್‌ನಲ್ಲಿ.